ಬಾಲ್ಯದಲ್ಲಿ ಹಿಂಸೆ ಉಂಡವರಿಗೆ ಮುಂದೆ ಪರ್ಸನಾಲಿಟಿ ಡಿಸಾರ್ಡರ್ (ವ್ಯಕ್ತಿತ್ವದ ತೊಂದರೆ) ಬಂದೇ ಬರುತ್ತದಾ?

ಬಂದೇ ಬರುತ್ತದೆ ಅಂತೇನಿಲ್ಲ. ಸಾಧ್ಯತೆ ಜಾಸ್ತಿ ಆಗುತ್ತದೆ, ಅಷ್ಟೇ. ಅದರಲ್ಲೂ ಭಾವನೆ, ಸಂಬಂಧ ಎರಡೂ ಸದಾ ಏರುಪೇರಾಗುವ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್‌ಗೆ ನಂಟು ಹೆಚ್ಚು. ಆದರೆ ಪೆಟ್ಟೇ ತಿನ್ನದವರಿಗೂ ಅದು ಬರುವುದುಂಟು. ವಂಶದ ಪಾಲೂ ಇದೆ.

ಹೆದರಿದ ಮಗು ಓಡುವುದು ಸಾಕುವವರ ಮಡಿಲಿಗೆ. ಈ ನಂಟನ್ನೇ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಅಟ್ಯಾಚ್‌ಮೆಂಟ್ ಅಂದದ್ದು. ಹೆದರಿಸುವವರೂ ಅವರೇ ಆದರೆ? ಹತ್ತಿರ ಹೋಗಬೇಕು, ದೂರವೂ ಓಡಬೇಕು. 1986ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ ಇಂಥ ವರ್ತನೆಗೆ ‘ಡಿಸಾರ್ಗನೈಸ್ಡ್’ (ದಿಕ್ಕುತಪ್ಪಿದ) ಅಟ್ಯಾಚ್‌ಮೆಂಟ್ ಅಂತ ಹೆಸರಿಟ್ಟರು. ಹೊರಗೆ ಹೋದ ಅಮ್ಮ ಮತ್ತೆ ಒಳಗೆ ಬಂದಾಗ ಮಗು ಎರಡು ಹೆಜ್ಜೆ ಇಟ್ಟು ಸುಮ್ನೆ ಮರಗಟ್ಟಿ ನಿಲ್ಲುತ್ತದೆ, ಇಲ್ಲವೇ ಮುಖ ತಿರುಗಿಸಿಕೊಂಡೇ ಹತ್ತಿರ ಬರುತ್ತದೆ. (ಹೀಗೆ ಮಾಡುವ ಮಕ್ಕಳೆಲ್ಲ ಹಿಂಸೆ ಉಂಡವರೇ ಅಂತಲ್ಲ.) ಕೆಲವರಲ್ಲಿ ದೊಡ್ಡವರಾದ ಮೇಲೂ ಅದೇ ಎಳೆದಾಟ. ವಾಟ್ಸಾಪ್ ಉತ್ತರ ತಡವಾದರೆ ‘ಬಿಟ್ಟೇ ಹೋದರು’ ಅಂತ ಕಂಗಾಲು. ಬಂದವರ ಮೇಲೆ ಸಿಟ್ಟು.

‘ನಾವೂ ಪೆಟ್ಟು ತಿಂದೇ ಬೆಳೆದದ್ದು, ಈಗೆಂತ ಆಗಿದೆ?’ ಅನ್ನುವವರು ನಮ್ಮ ಕಾಸರಗೋಡಿನಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಬಹುಶಃ ನೆಚ್ಚಿಕೊಳ್ಳಲು ಒಬ್ಬ ಅಜ್ಜಿಯೋ ಮಾಷ್ಟ್ರೋ ಇದ್ದರು. ಅಂಥ ಒಬ್ಬರಿದ್ದರೂ ತುಂಬ ವ್ಯತ್ಯಾಸ ಆಗುತ್ತದೆ.

ಚಿಕಿತ್ಸೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ, ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯಿಂದ ಹಲವರು ಸುಧಾರಿಸಿದ್ದಾರೆ. ಮಲಯಾಳದಲ್ಲಿ ಮನಸ್ಸು ಬಿಚ್ಚಲು ಕಷ್ಟ ಅನ್ನುವವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡ ಕೇಳಿ. ದುಡ್ಡು ಕೊಡಬೇಕಾಗಿಲ್ಲ.