ಯಾವ ಸಂದೇಹಕ್ಕೆ ಮೊದಲು ಉತ್ತರ? ಮತ ಹಾಕಿಸುವ ಬಗೆ

ಪ್ರಶ್ನೆ: ನಮ್ಮ ಪದವಿ ಕಾಲೇಜಿನಲ್ಲಿ ಪ್ರತಿ ಶನಿವಾರ ಒಂದು ಗಂಟೆ ಸಂದೇಹ ಪರಿಹಾರಕ್ಕೆಂದೇ ಮೀಸಲಿದೆ. ವಿದ್ಯಾರ್ಥಿಗಳು ಚೀಟಿಯಲ್ಲಿ ಪ್ರಶ್ನೆ ಬರೆದು ಬೋರ್ಡಿಗೆ ಅಂಟಿಸುತ್ತಾರೆ. 40 ಬಂದರೆ 8ಕ್ಕೆ ಮಾತ್ರ ಸಮಯ ಸಿಗುತ್ತದೆ. ಕೈ ಎತ್ತಿಸಿ ಆರಿಸಿದರೆ ಮುಂದಿನ ಬೆಂಚಿನವರದೇ ಮೇಲುಗೈ. ಮತ ಹಾಕಿಸುವುದು ಹೇಗೆ? ‘ಬೇಡ’ ಎನ್ನುವ ಮತವೂ ಇರಬೇಕೇ?
– ಉಪನ್ಯಾಸಕಿ, ಹಾಸನ

ಉತ್ತರ: ಮತ ಯಾವುದಕ್ಕೆ ಎಂಬುದನ್ನು ಮೊದಲು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ: ‘ನನಗೂ ಇದೇ ಸಂದೇಹವಿದೆ’. ‘ಒಳ್ಳೆಯ ಪ್ರಶ್ನೆ’ ಎಂದು ಬರೆದರೆ ಜಾಣತನದ ಪ್ರಶ್ನೆಗಳು ಗೆಲ್ಲುತ್ತವೆ. ಅರ್ಧ ತರಗತಿಗೆ ಅರ್ಥವಾಗದ ಸರಳ ಪ್ರಶ್ನೆ ಹಿಂದೆ ಬೀಳುತ್ತದೆ. ‘ಬೇಡ’ ಮತ ಖಂಡಿತ ಇಡಬೇಡಿ. ತನ್ನ ಚೀಟಿಗೆ ಒಮ್ಮೆ ‘ಬೇಡ’ ಬಿದ್ದದ್ದನ್ನು ಕಂಡ ಹುಡುಗಿ ಮತ್ತೆ ಚೀಟಿ ಬರೆಯುವುದಿಲ್ಲ. ಒಂದೇ ಪ್ರಶ್ನೆ ಎರಡು ಸಲ ಬಂದಿದ್ದರೆ ಮತದಾನಕ್ಕೆ ಮೊದಲೇ ನೀವೇ ಎರಡನ್ನೂ ಸೇರಿಸಿ. ಎಲ್ಲ ಪ್ರಶ್ನೆಗಳನ್ನೂ ಒಬ್ಬರೇ ಹೆಸರಿಲ್ಲದೆ ಮತ್ತೆ ಬರೆಯಲಿ, ಇಲ್ಲವಾದರೆ ಅಕ್ಷರ ನೋಡಿಯೇ ಗೆಳೆಯರ ಗುರುತು ಹಿಡಿಯುತ್ತಾರೆ.

ಎಣಿಕೆ ಕಣ್ಣಿಗೆ ಬೀಳಬಾರದು. ಬಿದ್ದ ಮತ ಇನ್ನಷ್ಟು ಮತವನ್ನು ಎಳೆಯುತ್ತದೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಓದುಗರ ಪ್ರತಿಕ್ರಿಯೆಗಳಿಗೆ ಸಂಶೋಧಕರೇ ಮೊದಲು ಒಂದು ಮೆಚ್ಚುಗೆ ಹಾಕಿಟ್ಟಿದ್ದರು. ಮುಂದೆ ನೋಡಿದವರು ಮೆಚ್ಚುವ ಸಂಭವ ಶೇ 32ರಷ್ಟು ಹೆಚ್ಚಿತು. ಆ ಪ್ರತಿಕ್ರಿಯೆಗಳ ಕೊನೆಯ ಅಂಕ ಸರಾಸರಿ ಶೇ 25ರಷ್ಟು ಏರಿತು. ಆದ್ದರಿಂದ ಪ್ರತಿ ಪ್ರಶ್ನೆಯ ಕೆಳಗೆ ಒಳಗಿನದು ಕಾಣದ ಖಾಕಿ ಕವರ್ ಅಂಟಿಸಿ, ಬಾಯಿಗೆ ಗೋಂದು ಹಚ್ಚಿ, ಮೇಲೆ 5 ಸೆಂ.ಮೀ. ಸೀಳು ಬಿಡಿ.

ಮತಕ್ಕೆ ಕಾಫಿ ಬೀಜವೋ ಹುಣಸೆ ಬೀಜವೋ ಸಾಕು ಎನಿಸಬಹುದು. ನಮ್ಮ ಕಡೆ ಅವು ಮನೆಮನೆಯಲ್ಲೂ ಇರುತ್ತವೆ, ಜೇಬಿನಲ್ಲಿ ಒಂದು ಹಿಡಿ ತಂದು ಯಾರು ಬೇಕಾದರೂ ಕಳ್ಳಮತ ಹಾಕಬಹುದು. ಆದ್ದರಿಂದ ಮತಕ್ಕೆ ಕಾಗದದ ಚೀಟಿಯೇ ಇರಲಿ. ಎ4 ಹಾಳೆಯನ್ನು ಅಡ್ಡಕ್ಕೆ 4, ಉದ್ದಕ್ಕೆ 8 ಭಾಗ ಮಾಡಿ ಕತ್ತರಿಸಿದರೆ 32 ಚೀಟಿ ಬರುತ್ತವೆ. ತಲಾ 3ರಂತೆ 150 ಮಂದಿಗೆ 450 ಚೀಟಿ, ಅಂದರೆ 15 ಹಾಳೆ. ಪ್ರತಿಯೊಂದಕ್ಕೂ ಸೀಲು ಹಾಕಿ, ಹಾಜರಿ ಪುಸ್ತಕದಲ್ಲಿ ಗುರುತು ಮಾಡಿ ಹಂಚಿ. ವಾರ ವಾರ ಹಾಳೆಯ ಬಣ್ಣ ಬದಲಾಗಲಿ, ಉಳಿಸಿಟ್ಟುಕೊಂಡ ಚೀಟಿ ಮುಂದಿನ ವಾರ ನಡೆಯದು. ಒಂದೇ ಮಡಿಕೆಯಲ್ಲಿ ನಾಲ್ಕೈದು ಚೀಟಿ ಸಿಕ್ಕರೆ ಯಾರೋ ಇತರರಿಂದ ಕೂಡಿಸಿ ಹಾಕಿದ್ದಾರೆಂದೇ ತಿಳಿದು ಒಂದನ್ನು ಮಾತ್ರ ಎಣಿಸಿ.

ಮತದಾನ ಗುರುವಾರ ಮತ್ತು ಶುಕ್ರವಾರದ ಊಟದ ಬಿಡುವಿನಲ್ಲಿ ಇರಲಿ. ಸಂಜೆ ಇಟ್ಟರೆ ಆಲೂರು, ಬೇಲೂರು, ಅರಕಲಗೂಡು ಬಸ್ಸಿಗೆ ಓಡುವವರು ತಪ್ಪಿಹೋಗುತ್ತಾರೆ. ಎರಡನೆಯ ದಿನ ಪ್ರಶ್ನೆಗಳ ಜಾಗವನ್ನು ಕವರ್ ಸಮೇತ ಅದಲುಬದಲು ಮಾಡಿ. ಕಣ್ಣಿನ ಮಟ್ಟದಲ್ಲಿರುವುದಕ್ಕೆ ಸುಮ್ಮನೆ ಹೆಚ್ಚು ಮತ ಬೀಳುತ್ತದೆ.

ಎಂಟನ್ನೂ ಎಣಿಕೆಗೇ ಬಿಟ್ಟರೆ 120 ಮಂದಿಯ ವಾಣಿಜ್ಯ ತರಗತಿಯೆದುರು 14 ಮಂದಿಯ ಭೌತವಿಜ್ಞಾನ ಯಾವ ವಾರವೂ ಗೆಲ್ಲದು. 5 ಸ್ಥಾನ ಮತಕ್ಕೆ, 2 ಸಣ್ಣ ತರಗತಿಗಳಿಗೆ, 1 ಬಹಳ ದಿನದಿಂದ ಕಾದಿರುವ ಪ್ರಶ್ನೆಗೆ ಇಡಿ. ಉತ್ತರ ಸಿಗದ ಪ್ರಶ್ನೆಯ ಮತವನ್ನು ಪೂರ್ತಿ ಅಳಿಸಬೇಡಿ, ಅರ್ಧ ಮಾಡಿ ಮುಂದಿನ ವಾರಕ್ಕೆ ಒಯ್ಯಿರಿ: 12 ಇದ್ದದ್ದು 6, ಆಮೇಲೆ 3.

ಉತ್ತರ ಹೇಳಿದ ಮೇಲೂ ಎರಡು ಕವರ್ ಇಡಿ: ‘ಅರ್ಥವಾಯಿತು’, ‘ಆಗಲಿಲ್ಲ’. ಇಲ್ಲಿ ಬರಿಯ ಶೇಕಡಾವಾರು ಮೋಸ ಮಾಡುತ್ತದೆ. 3ರಲ್ಲಿ 3 ಮಂದಿಗೆ ಅರ್ಥವಾದ ಉತ್ತರ ಶೇ 100 ಪಡೆದು, 20ರಲ್ಲಿ 18 ಮಂದಿಗೆ ಅರ್ಥವಾದದ್ದಕ್ಕಿಂತ ಮೇಲೆ ಕೂರುತ್ತದೆ. ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ನ ಸೂತ್ರ ಬಳಸಿ: ‘ಅರ್ಥವಾಯಿತು’ ಎಣಿಕೆಗೆ 1, ಒಟ್ಟು ಎಣಿಕೆಗೆ 2 ಕೂಡಿಸಿ ಭಾಗಿಸಿ. ಮೊದಲನೆಯದು 4/5, ಶೇ 80. ಎರಡನೆಯದು 19/22, ಶೇ 86. ಶೇ 50ಕ್ಕಿಂತ ಕೆಳಗೆ ಬಂದ ಉತ್ತರವನ್ನು ಮುಂದಿನ ಶನಿವಾರ ಬೇರೆ ಉದಾಹರಣೆ ಕೊಟ್ಟು ಮತ್ತೆ ಹೇಳಿ.