ಕೋಳಿಯ ಆಹಾರ ಕುದುರೆಗೆ ವಿಷ

ಕುದುರೆ ಫಾರಂ ಜತೆಗೆ ಕೋಳಿ ಶೆಡ್, ಹೈನುಗಾರಿಕೆ, ಅತಿಥಿಗಳಿಗೆ ಸವಾರಿ, ಗೊಬ್ಬರ ಮಾರಾಟ ಶುರು ಮಾಡಿದವರ ಪತ್ರಗಳೇ ಈ ಸಲವೂ ಹೆಚ್ಚು. ಕುದುರೆಯೊಂದನ್ನೇ ನಂಬಿ ಫಾರಂ ನಡೆಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಹೊಸ ಕಸುಬು ಬಂದಾಗ ಹಳೆಯ ಪ್ರಾಣಿಯನ್ನು ಮರೆಯಬೇಡಿ.

ಪ್ರಶ್ನೆ: ಬ್ರಾಯ್ಲರ್ ಬ್ಯಾಚ್ ಮುಗಿದಾಗ ಚೀಲಗಟ್ಟಲೆ ಆಹಾರ ಉಳಿಯುತ್ತದೆ. ಪ್ರೋಟೀನ್ ಇದೆಯಲ್ಲ, ಕುದುರೆಗಳಿಗೆ ಸ್ವಲ್ಪ ಹಾಕಬಹುದೇ?

ಬೇಡ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ.

ಕೋಳಿಯ ಕರುಳಿಗೆ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ತಗಲದಿರಲೆಂದು ಆಹಾರದಲ್ಲಿ ಮೊನೆನ್ಸಿನ್, ಸಲಿನೊಮೈಸಿನ್‌ನಂಥ ಔಷಧ ಬೆರೆಸುತ್ತಾರೆ. ದನಗಳ ಕೆಲವು ಆಹಾರದಲ್ಲೂ ಮೊನೆನ್ಸಿನ್ ಇರುತ್ತದೆ. ದೇಹತೂಕದ ಪ್ರತಿ ಕಿಲೋಗೆ ಸುಮಾರು 200 ಮಿಲಿಗ್ರಾಂ ಮೊನೆನ್ಸಿನ್ ಹೋದರಷ್ಟೇ ಕೋಳಿಗೆ ಪ್ರಾಣಾಪಾಯ; ಕುದುರೆಗೆ ಬರೀ 2ರಿಂದ 3 ಮಿಲಿಗ್ರಾಂ ಸಾಕು. ಸಲಿನೊಮೈಸಿನ್ ಅದಕ್ಕಿಂತಲೂ ಕೆಟ್ಟದ್ದು. ಇವು ಜೀವಕೋಶದೊಳಗಿನ ಸೋಡಿಯಂ, ಕ್ಯಾಲ್ಸಿಯಂ ಹತೋಟಿಯನ್ನೇ ಕೆಡಿಸುತ್ತವೆ. ಮೊದಲು ಪೆಟ್ಟು ಬೀಳುವುದು ಹೃದಯದ ಸ್ನಾಯುವಿಗೆ.

ಕುದುರೆ ಮೇವು ಬಿಡುತ್ತದೆ, ಬೆವರುತ್ತದೆ, ಹಿಂಗಾಲು ತೂರಾಡುತ್ತವೆ, ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು. ಹೊಟ್ಟೆಶೂಲೆ ಇರಬೇಕೆಂದು ನಡೆದಾಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೃದಯಕ್ಕೆ ಪೆಟ್ಟಾದ ಪ್ರಾಣಿಗೆ ಒಂದೊಂದು ಹೆಜ್ಜೆಯೂ ಹೊರೆ. ಇದಕ್ಕೆ ಮದ್ದಿಲ್ಲ. ‘ವಿಷ ಇಳಿಸುವ’ ಕಷಾಯ ಮಾರುವವರು ನಿಮ್ಮ ದುಡ್ಡನ್ನೂ ಕುದುರೆಯ ಕೊನೆಯ ಗಂಟೆಗಳನ್ನೂ ಕಸಿಯುತ್ತಾರೆ. ತಿಂದದ್ದು ಕಣ್ಣಿಗೆ ಬಿದ್ದರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರನ್ನು ಕರೆಯಿರಿ, ಚೀಲದ ಲೇಬಲ್ ಎತ್ತಿಡಿ. ಬದುಕಿ ಉಳಿದ ಕುದುರೆಯನ್ನು ಹೃದಯದ ಸ್ಕ್ಯಾನ್ ಆಗದೆ ಸವಾರಿಗೆ ಬಿಡಬೇಡಿ. ಮೇಲುನೋಟಕ್ಕೆ ಚೇತರಿಸಿಕೊಂಡದ್ದು ತಿಂಗಳುಗಳ ಬಳಿಕವೂ ಸವಾರನ ಸಮೇತ ಕುಸಿಯಬಹುದು.

‘ಫಿನಿಶರ್ (ಮಾರಾಟಕ್ಕೆ ಮುಂಚಿನ ಕೊನೆಯ ಹಂತದ ಕೋಳಿ ಆಹಾರ) ಚೀಲದಲ್ಲಿ ಔಷಧ ಇಲ್ಲ’ ಎಂಬ ವಾದವೂ ಬರುತ್ತದೆ. ಅದೇ ಮಿಕ್ಸರ್, ಅದೇ ಬುಟ್ಟಿ, ಅದೇ ಕೈ. ಔಷಧ ಸರಿಯಾಗಿ ಬೆರೆಯದೆ ಒಂದೇ ಕಡೆ ಗಡ್ಡೆಗಟ್ಟಿದ್ದರೆ ಒಂದು ಬೊಗಸೆಯೂ ಅಪಾಯ. ನನ್ನನ್ನು ಕೇಳಿದರೆ, ಕುದುರೆ ಇರುವ ಜಾಗದಲ್ಲಿ ಇಂಥ ಔಷಧದ ಆಹಾರವೇ ಬೇಡ. ಬೇಕೇ ಬೇಕೆಂದರೆ ಬೇರೆ ಕೋಣೆ, ಬೇರೆ ಬೀಗ, ಬೇರೆ ಬುಟ್ಟಿ. ಹೊಸ ಕೆಲಸಗಾರರಿಗೆ ಮೊದಲ ದಿನವೇ ಹೇಳಿ.

ಪ್ರಶ್ನೆ: ಕೋಳಿ ಗೊಬ್ಬರವನ್ನು ಕುದುರೆ ಮೇಯುವ ಹುಲ್ಲುಗಾವಲಿಗೆ ಹಾಕಬಹುದೇ?

ಬೇಡ. ಅದರಲ್ಲಿ ಸತ್ತ ಕೋಳಿಯ ಚೂರಿದ್ದರೆ ಬೊಟುಲಿಸಂ, ಅಂದರೆ ಬ್ಯಾಕ್ಟೀರಿಯಾ ವಿಷದಿಂದ ಸ್ನಾಯುಗಳು ಸೋಲುವ ಮಾರಕ ಕಾಯಿಲೆ, ಬರಬಹುದು.

ಪ್ರಶ್ನೆ: ಹೊಟ್ಟೆಶೂಲೆಗೆ ಬಾಟಲಿಯಲ್ಲಿ ಎಣ್ಣೆ ಕುಡಿಸಿದರೆ ಸಾಕಂತೆ?

ಬಲವಂತವಾಗಿ ಸುರಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗೆ ಹೇಳಿದವರನ್ನು ಲಾಯದ ಹತ್ತಿರ ಸೇರಿಸಬೇಡಿ.

ಪ್ರಶ್ನೆ: ಅತಿಥಿಗಳ ತೂಕಕ್ಕೆ ಮಿತಿ ಇರಬೇಕೇ? ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ.

ಮಾಡಿಕೊಳ್ಳಲಿ. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಶೇ 20 ಮೀರಬಾರದು. 400 ಕಿಲೋ ಕುದುರೆಗೆ 80 ಕಿಲೋ. ದಿನವಿಡೀ ದುಡಿಯುವ ಕುದುರೆಗೆ ನಾನು ಶೇ 15ಕ್ಕೇ ನಿಲ್ಲಿಸುತ್ತೇನೆ.

ಪ್ರಶ್ನೆ: ಲದ್ದಿ ಗೊಬ್ಬರ ಕೊಂಡವರು ಟೊಮೆಟೊ ಎಲೆ ಮುರುಟಿತೆಂದು ಜಗಳಕ್ಕೆ ಬಂದಿದ್ದಾರೆ. ಏನು ಕಾರಣ?

ಹುಲ್ಲಿಗೆ ಹೊಡೆದ ಕಳೆನಾಶಕ ಇರಬಹುದು. ಅಮಿನೊಪೈರಾಲಿಡ್ ಎಂಬ ಕಳೆನಾಶಕ ಕುದುರೆಯ ಹೊಟ್ಟೆ ದಾಟಿ, ಕಾಂಪೋಸ್ಟ್ ಆದ ಮೇಲೂ ಉಳಿಯುತ್ತದೆ. ಹುಲ್ಲು ಕೊಳ್ಳುವಾಗಲೇ ಏನು ಸಿಂಪಡಿಸಿದ್ದಾರೆಂದು ಕೇಳಿ. ಮಾರುವ ಮೊದಲು ಆ ಗೊಬ್ಬರ ಬೆರೆಸಿದ ಕುಂಡದಲ್ಲಿ ನಾಲ್ಕು ಹುರುಳಿಕಾಯಿ ಬೀಜ ಹಾಕಿ, ಎಲೆ ನೆಟ್ಟಗೆ ಬಂದರೆ ಮಾತ್ರ ಚೀಲ ತುಂಬಿ.