ಭಾಷಣಕಾರರು ಸಭೆಯ ಆಚೆಗೂ ಪರಿಚಯಗಳನ್ನು ಉಳಿಸಿಕೊಳ್ಳುವುದು ಹೇಗೆ?

ಎರಡು ವರ್ಷಗಳಿಂದ ವೇದಿಕೆ ಏರುತ್ತಿದ್ದರೂ ಚಪ್ಪಾಳೆಯ ನಂತರ ಯಾರ ಒಡನಾಟವೂ ಉಳಿಯುತ್ತಿಲ್ಲ, ಮರಳಿ ಕರೆಯುವವರೂ ಇಲ್ಲ ಎಂದು ತಾವು ಬರೆದಿದ್ದೀರಿ. ತುಮಕೂರು ಜಿಲ್ಲೆಯಲ್ಲಿ ಬಹುಕಾಲದಿಂದ ಉಪನ್ಯಾಸ ನೀಡುತ್ತಿರುವ ನಾನೂ ಮೊದಲು ಮಾತು ಮುಗಿದೊಡನೆ ಶಾಲು, ಹಣ್ಣಿನ ಬುಟ್ಟಿ ಹಿಡಿದು ಬಸ್ಸಿಗೆ ಹೊರಟುಬಿಡುತ್ತಿದ್ದೆ.

ತಿಪಟೂರಿನಲ್ಲಿ ಒಂದು ದತ್ತಿ ಉಪನ್ಯಾಸದ, ಅಂದರೆ ದಾನಿಗಳು ಇಟ್ಟ ಹಣದಿಂದ ನಡೆಯುವ ಉಪನ್ಯಾಸದ ದಿನ ಬಸ್ಸು ತಪ್ಪಿದ್ದರಿಂದ ಊಟಕ್ಕೆ ಉಳಿದೆ. ಪಕ್ಕದ ಎಲೆಗೆ ಕುಳಿತಿದ್ದವರು ದತ್ತಿ ಇಟ್ಟ ಕುಟುಂಬದ ಹಿರಿಯ ಮಗಳು. ಮೇಷ್ಟ್ರಾಗಿದ್ದ ತಮ್ಮ ತಂದೆ ವಚನಗಳನ್ನು ಪಾಠ ಹೇಳುತ್ತಿದ್ದ ಬಗೆಯನ್ನು ಅವರು ಮಜ್ಜಿಗೆ ಬರುವವರೆಗೂ ವಿವರಿಸಿದರು. ದತ್ತಿ ಯಾರ ಹೆಸರಿನಲ್ಲಿತ್ತೋ ಆ ಮೇಷ್ಟ್ರ ಹೆಸರನ್ನೇ ನನ್ನ ಉಪನ್ಯಾಸದಲ್ಲಿ ಒಮ್ಮೆಯೂ ಎತ್ತಿರಲಿಲ್ಲವೆಂಬುದು ಆಗ ಹೊಳೆದು, ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎದುರಿಗಿದ್ದ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯವರು, ಹಳ್ಳಿಯಲ್ಲಿ ನಡೆಯುವ ತಮ್ಮ ಏಳು ದಿನಗಳ ಶಿಬಿರಕ್ಕೆ ದಿನಕ್ಕೊಬ್ಬ ಉಪನ್ಯಾಸಕರನ್ನು ಹೊಂದಿಸುವ ಚಿಂತೆಯಲ್ಲಿದ್ದರು. ಕೈ ತೊಳೆಯುವಷ್ಟರಲ್ಲಿ ನನಗೊಂದು ದಿನ ಗೊತ್ತಾಗಿತ್ತು. ಅಂದಿನಿಂದ ನಾನು ಊಟ ಮಾಡದೆ ಯಾವ ಸಭೆಯಿಂದಲೂ ಹೊರಟಿಲ್ಲ, ಹೋಗುವ ಮುನ್ನವೇ ದಾನಿಗಳ ಬಗ್ಗೆ ಸಂಘಟಕರಲ್ಲಿ ವಿಚಾರಿಸುತ್ತೇನೆ.

ದತ್ತಿ ಕಾರ್ಯಕ್ರಮಗಳ ರೀತಿಯನ್ನು ತಾವು ಅರಿತಿರಬೇಕು. ದಾನಿಗಳು ಇಟ್ಟ ಠೇವಣಿಯ ಬಡ್ಡಿಯಲ್ಲಿ ಅವು ನಡೆಯುತ್ತವೆ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಮತ್ತು ತಾಲ್ಲೂಕು ಘಟಕಗಳೂ ಇಂಥವನ್ನು ನಡೆಸುತ್ತವೆ. ವಿಷಯವನ್ನು ಬಹುಮಟ್ಟಿಗೆ ದಾನಿಗಳೇ ಗೊತ್ತುಮಾಡಿರುವುದರಿಂದ ಸಂಘಟಕರು ಹುಡುಕುವುದು ಆ ವಿಷಯ ಬಲ್ಲವರನ್ನು. ಆದ್ದರಿಂದ, ಯಾವ ವಿಷಯವಾದರೂ ಸರಿ ಎನ್ನದೆ, ವಚನ, ಜನಪದ, ಕೆರೆ ನೀರಾವರಿ ಹೀಗೆ ತಾವು ನಿಜವಾಗಿ ಓದಿಕೊಂಡಿರುವ ಎರಡನ್ನು ಮಾತ್ರ ಅವರಿಗೆ ತಿಳಿಸಿರಿ. ನವೆಂಬರಿನ ರಾಜ್ಯೋತ್ಸವದ ಗಡಿಬಿಡಿಯಲ್ಲಿ ಮಾತ್ರ ಬೇಡ, ಆಗ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ.

ತಮಗೆ ಭಾಷಣವಿಲ್ಲದ ದಿನಗಳಲ್ಲೂ ತುಮಕೂರು ನಗರದ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂತಹ ಕಡೆ ಸಭಿಕರಾಗಿ ಕುಳಿತು, ಬೇರೆಯವರ ಮಾತನ್ನು ಕೊನೆಯವರೆಗೂ ಕೇಳಿರಿ. ತನ್ನ ಸರದಿಗಷ್ಟೇ ಬರುವವರನ್ನು ಸಂಘಟಕರು ಬೇಗ ಗುರುತಿಸುತ್ತಾರೆ.

ನಾನು ಮನೆಗೆ ಬಂದ ರಾತ್ರಿಯೇ ಡೈರಿಯಲ್ಲಿ ಭೇಟಿಯಾದವರ ಹೆಸರು, ಊರು, ಆಡಿದ ಮಾತುಗಳನ್ನು ಬರೆದಿಡುತ್ತೇನೆ. ಎರಡು ದಿನಗಳೊಳಗೆ ಫೋನ್ ಮಾಡುವಾಗ ಕಾರ್ಯಕ್ರಮ ಕೇಳುವುದಿಲ್ಲ. ಪಂಕ್ತಿಯಲ್ಲಿ ಅವರು ವಿಚಾರಿಸಿದ್ದ ಪುಸ್ತಕದ ವಿವರವನ್ನೋ ಅರ್ಧ ನೆನಪಾದ ವಚನದ ಪೂರ್ಣ ಪಾಠವನ್ನೋ ಓದಿ ಹೇಳುತ್ತೇನೆ. ತಿಪಟೂರಿನ ಆ ಅಮ್ಮನವರಿಗೂ ಹಾಗೆಯೇ ಒಂದು ವಚನ ಓದಿ ಹೇಳಿದ್ದೆ. ಮರುವರ್ಷ ತಂದೆಯವರ ದತ್ತಿಗೆ ನನ್ನನ್ನೇ ಕರೆಯಬೇಕೆಂದು ಅವರು ಪತ್ರ ಬರೆದರು.